ಆಟ ನಿಲ್ಲದೆ ಜಾಗಟೆ ಕೈಬದಲಾಗುವಂತೆ: ಪುಟ್ಟ ಗಣಕಗಳ ತಂತ್ರಾಂಶ ನವೀಕರಣದ ಇತಿಹಾಸ

ಸಪ್ತಭಾಷಾ ಸಂಗಮಭೂಮಿಯೆನಿಸಿದ ಕಾಸರಗೋಡಿನವರು ಇತಿಹಾಸವನ್ನು ಕುರಿತು ಬರೆಯಹೊರಟರೆ ಲೇಖನಿ ಸಹಜವಾಗಿಯೇ ಕುಂಬಳೆಯ ಪಾರ್ತಿಸುಬ್ಬನತ್ತಲೋ, 1956ರ ರಾಜ್ಯ ಪುನರ್ವಿಂಗಡಣೆಯತ್ತಲೋ, ನಮ್ಮ ನೆರೆಯ ಕಯ್ಯಾರಿನಲ್ಲಿ ಹುಟ್ಟಿದ ಕವಿ ಕಿಞ್ಞಣ್ಣ ರೈಗಳತ್ತಲೋ ಹೊರಳುತ್ತದೆ. ನಾವೂ ಹಿಂದಿನ ಸಂಚಿಕೆಗಳಲ್ಲಿ ಅದನ್ನೇ ಮಾಡಿದವರು. ಈ ಸಲದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ಮಾತ್ರ ನಮಗೆ ಬೇರೊಂದು ಇತಿಹಾಸ ನೆನಪಾಯಿತು. ಅದು ಅರಸರದಲ್ಲ, ಕವಿಗಳದೂ ಅಲ್ಲ. ನಮ್ಮ ಮನೆಯ ಗೋಡೆಯ ಮೂಲೆಯಲ್ಲಿ ಮಿಣಮಿಣ ದೀಪ ಮಿನುಗಿಸುತ್ತ ಕುಳಿತಿರುವ ಪುಟ್ಟ ಪೆಟ್ಟಿಗೆಗಳದು. ಅದನ್ನು ತಿಳಿಯುವ ಗರಜು ನಮಗೆ ಬಂದುದು ನಾವೇ ಮಾಡಿದ ಒಂದು ತಪ್ಪಿನಿಂದ.

2020ರಲ್ಲಿ ಮಹಾಮಾರಿಯ ಕಾರಣ ಶಾಲೆಗಳು ಮುಚ್ಚಿದ್ದುವು. ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಎಂಬ ಹೆಸರಿನಿಂದ ಪಾಠಗಳು ಆರಂಭವಾದುವು. ಪೈವಳಿಕೆಯ ಗುಡ್ಡ ಬಯಲುಗಳ ನಡುವೆ ಮೊಬೈಲಿನ ರೇಂಜ್ ಎಲ್ಲ ಕಡೆಯೂ ಸಿಗುವುದಿಲ್ಲ. ನಮ್ಮ ಮನೆಗೆ ತಂತಿಯ ಮೂಲಕ ಅಂತರ್ಜಾಲವಿದ್ದುದರಿಂದ ನೆರೆಕರೆಯ ಐವರು ಮಕ್ಕಳು ನಮ್ಮ ಚಾವಡಿಯಲ್ಲಿ ದೂರ ದೂರ ಕುಳಿತು ಕನ್ನಡದ ಪಾಠಗಳನ್ನು ಫೋನಿನಲ್ಲಿ ನೋಡುತ್ತಿದ್ದರು. ನಿವೃತ್ತಿಯ ಬಳಿಕ ಮತ್ತೆ ಮಕ್ಕಳ ನಡುವೆ ಕುಳಿತ ಸಂತೋಷ ನಮ್ಮದು. ಆಟಿ ತಿಂಗಳ ಒಂದು ಸಂಜೆ, ಕಾಲೇಜಿನಲ್ಲಿ ಓದುವ ನೆರೆಮನೆಯ ಹುಡುಗನೊಬ್ಬ ರೂಟರಿಗೆ ಹೊಸ ತಂತ್ರಾಂಶ ಬಂದಿದೆಯೆಂದೂ ಗುಡುಗು ಮಳೆ ಬಿಟ್ಟ ಮೇಲೆ ಹಾಕಿದರಾಯಿತೆಂದೂ ಹೇಳಿದ. “ಶುಭಸ್ಯ ಶೀಘ್ರಂ” ಎಂದೆವು ನಾವು. ಅವನು ಗುಂಡಿ ಒತ್ತಿ ಎರಡು ನಿಮಿಷವಾಗಿರಲಿಲ್ಲ, ಕರೆಂಟು ಹೋಯಿತು. ಮರಳಿ ಬಂದಾಗ ಆ ಪೆಟ್ಟಿಗೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿತ್ತು. ಅದು ಮತ್ತೆ ಎಚ್ಚರಗೊಳ್ಳಲೇ ಇಲ್ಲ.

ಓಡಾಟಕ್ಕೆ ನಿರ್ಬಂಧವಿದ್ದ ದಿನಗಳು. ಬೇರೆ ರೂಟರ್ ಕೈಸೇರಲು ಹನ್ನೆರಡು ದಿನ ಹಿಡಿಯಿತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಆ ಹನ್ನೆರಡು ದಿನವೂ ಕೊಡೆ ಹಿಡಿದುಕೊಂಡು ಗುಡ್ಡದ ನೆತ್ತಿಗೆ ಹತ್ತಿ, ರೇಂಜ್ ಸಿಗುವ ಕಲ್ಲಿನ ಮೇಲೆ ಕುಳಿತು ಪಾಠ ಕೇಳಿದಳು. ಒಂದು ದಿನ ಅವಳು ಕೇಳಿದ ಪ್ರಶ್ನೆ ಇಷ್ಟೇ: “ಮಾಸ್ಟ್ರಜ್ಜ, ಹಳೆಯದು ಸರಿಯೇ ಇತ್ತಲ್ಲ? ಮತ್ತೆ ಅದು ಹೇಗೆ ಹೋಯಿತು?” ಮೂರು ದಶಕಗಳಿಗೂ ಹೆಚ್ಚು ಕಾಲ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನಮಗೆ ಅಂದು ಉತ್ತರ ತಿಳಿದಿರಲಿಲ್ಲ. ಬೆಂಗಳೂರಿನಲ್ಲಿ ಇಂಥ ಯಂತ್ರಗಳ ಕೆಲಸದಲ್ಲೇ ಇರುವ ನಮ್ಮ ಸೋದರಳಿಯನನ್ನು ಕಾಡಿ ಬೇಡಿ ಕೇಳಿ, ಸಿಕ್ಕಿದುದನ್ನು ಓದಿ, ಕಲೆಹಾಕಿದ ಉತ್ತರವೇ ಈ ಲೇಖನ.

ಮೊದಲು ಪೆಟ್ಟಿಗೆಯ ಒಳಗೇನಿದೆ ಎಂಬುದನ್ನು ನೋಡೋಣ. ರೂಟರ್ ಎಂಬುದು ಪರದೆಯೂ ಕೀಲಿಮಣೆಯೂ ಇಲ್ಲದ ಒಂದು ಗಣಕ. ಒಂದೇ ಕೆಲಸಕ್ಕೆಂದು ಯಂತ್ರದೊಳಗೆ ಹುದುಗಿಸಿಟ್ಟ ಇಂಥ ಗಣಕಗಳಿಗೆ ಎಂಬೆಡೆಡ್ ಗಣಕಗಳೆನ್ನುತ್ತಾರೆ. ಅವುಗಳಲ್ಲಿ ಅನೇಕವನ್ನು ನಡೆಸುವುದು ಲಿನಕ್ಸ್. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಈ ವ್ಯವಸ್ಥೆ ಕನ್ನಡ ನಾಡಿಗೂ ಬೇಗನೆ ಬಂತು. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ವಿಚಾರಸಂಕಿರಣದ ಚರ್ಚೆಯಿಂದ ‘ಸಿಂಪ್ಯೂಟರ್’ ಎಂಬ ಕಲ್ಪನೆ ಮೊಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದವರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ ರೂಪಿಸಿದ ಈ ಅಂಗೈಯಗಲದ ಗಣಕದ ಮೊದಲ ಮಾದರಿ 2001ರ ಏಪ್ರಿಲ್‌ನಲ್ಲಿ ಪ್ರದರ್ಶಿತವಾಯಿತು. ಓದು ಬಾರದವರೂ ಬಳಸಬಲ್ಲ, ದೇಶಭಾಷೆಗಳಲ್ಲಿ ವ್ಯವಹರಿಸಬಲ್ಲ, ಅಗ್ಗದ ಗಣಕವಾಗಬೇಕೆಂಬುದು ಅದರ ಆಶಯವಾಗಿತ್ತು. ಕರ್ನಾಟಕ ಸರಕಾರ ಭೂದಾಖಲೆಗಳ ಕೆಲಸಕ್ಕೆ ಅದನ್ನು ಬಳಸಿ ನೋಡಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ ‘ಅಮಿಡಾ’ ಎಂಬ ಹೆಸರಿನಿಂದ ಮಾರುಕಟ್ಟೆಗೂ ಬಂತು. ನಿರೀಕ್ಷಿಸಿದಷ್ಟು ಅದು ಹರಡಲಿಲ್ಲ. ಆದರೆ ಕಿಸೆಯಲ್ಲಿ ಹಿಡಿಸುವ ಲಿನಕ್ಸ್ ಯಂತ್ರವೊಂದು ನಮ್ಮ ನಾಡಿನಲ್ಲೇ ರೂಪುಗೊಂಡಿತ್ತೆಂಬುದು ಇಂದಿನ ಮಕ್ಕಳಿಗೆ ತಿಳಿದಿರಲಿ.

ಇಂಥ ಯಂತ್ರವನ್ನು ಒಮ್ಮೆ ಮಾಡಿ ಮರೆತುಬಿಡುವಂತಿಲ್ಲ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಯಾರೂ ಬದಲಾಯಿಸದೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮರಾ, ರೂಟರುಗಳನ್ನು ವಶಪಡಿಸಿಕೊಂಡು, ಅಕ್ಟೋಬರ್ 21ರಂದು ಅಮೆರಿಕದ ಅನೇಕ ಪ್ರಸಿದ್ಧ ತಾಣಗಳನ್ನು ಕೆಲವು ಗಂಟೆಗಳ ಕಾಲ ಸ್ತಬ್ಧಗೊಳಿಸಿತು. ಆದುದರಿಂದ ನವೀಕರಣವೇ ಬೇಡವೆನ್ನುವುದು ಉತ್ತರವಲ್ಲ. ನಡೆಯುತ್ತಿರುವುದನ್ನು ನಿಲ್ಲಿಸದೆ, ಕೆಡಿಸದೆ ಬದಲಿಸುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ.

ಈ ಪ್ರಶ್ನೆಗೆ ಯಕ್ಷಗಾನದವರು ಎಂದೋ ಉತ್ತರ ಕಂಡುಕೊಂಡಿದ್ದಾರೆ. ಇರುಳಿಡೀ ನಡೆಯುವ ಆಟದಲ್ಲಿ ಒಬ್ಬರೇ ಭಾಗವತರು ಬೆಳಗಿನವರೆಗೆ ಹಾಡುವುದಿಲ್ಲ. ನಡುವೆ ಇನ್ನೊಬ್ಬರು ರಂಗಸ್ಥಳಕ್ಕೆ ಬಂದು, ಮೊದಲಿನವರ ಪಕ್ಕದಲ್ಲಿ ಶ್ರುತಿ ಹಿಡಿದು, ಪ್ರಸಂಗ ಎಲ್ಲಿಗೆ ಬಂದಿದೆಯೆಂದು ನೋಡಿಕೊಂಡು, ತಕ್ಕ ಕ್ಷಣದಲ್ಲಿ ಜಾಗಟೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಚೆಂಡೆ ಮದ್ದಳೆಗಳು ನಿಲ್ಲುವುದಿಲ್ಲ, ವೇಷಧಾರಿಯ ಹೆಜ್ಜೆ ತಪ್ಪುವುದಿಲ್ಲ, ನಿದ್ದೆಗಣ್ಣಿನ ಪ್ರೇಕ್ಷಕನಿಗೆ ತಿಳಿಯುವುದೂ ಇಲ್ಲ. ಇಲ್ಲಿ ಗಮನಿಸಬೇಕಾದುದು ಎರಡು ಸಂಗತಿ. ಹೊಸಬರು ಸಿದ್ಧರಾಗಿ ಕುಳಿತ ಮೇಲಷ್ಟೇ ಹಳಬರು ಏಳುತ್ತಾರೆ. ಜಾಗಟೆಯು ಕೈಬದಲಾಗುವ ಗಳಿಗೆ ಅತಿ ಚಿಕ್ಕದು. ಅದು ಇವರ ಕೈಯಲ್ಲಿರುತ್ತದೆ ಅಥವಾ ಅವರ ಕೈಯಲ್ಲಿರುತ್ತದೆ. ಯಂತ್ರಲೋಕವು ಐವತ್ತು ವರ್ಷಗಳಲ್ಲಿ ಕಲಿತುದೂ ಮುಖ್ಯವಾಗಿ ಈ ಎರಡನ್ನೇ.

ಮೊದಲ ಪಾಠ ಬಂದುದು ದೂರವಾಣಿ ಕೇಂದ್ರಗಳಿಂದ. 1965ರಲ್ಲಿ ಅಮೆರಿಕದ ಬೆಲ್ ಸಂಸ್ಥೆಯು ನ್ಯೂಜೆರ್ಸಿಯ ಸಕ್ಕಸನ್ನ ಎಂಬ ಊರಿನಲ್ಲಿ ತಂತ್ರಾಂಶದಿಂದ ನಡೆಯುವ ದೂರವಾಣಿ ಕೇಂದ್ರವನ್ನು ತೆರೆಯಿತು. ನಲವತ್ತು ವರ್ಷಗಳಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಅದು ನಿಲ್ಲಬಾರದೆಂಬುದು ವಿನ್ಯಾಸಕಾರರು ಹಾಕಿಕೊಂಡ ಗುರಿ. ಅದಕ್ಕಾಗಿ ಅವರು ಮಿದುಳನ್ನು ಜೋಡಿಯಾಗಿಯೇ ಇಟ್ಟರು. ಒಂದು ದುಡಿಯುವಾಗ ಇನ್ನೊಂದು ಸನ್ನದ್ಧವಾಗಿರಬೇಕು. ನಮ್ಮ ದೇಶದಲ್ಲಿ 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗಾಗಿ ರೂಪಿಸಿದ ಸ್ವಯಂಚಾಲಿತ ಕೇಂದ್ರ 1986ರ ಜುಲೈಯಲ್ಲಿ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಮೊದಲಾಗಿ ಕೆಲಸಕ್ಕೆ ತೊಡಗಿತು. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಪಟ್ಟಣದ ತಂತ್ರಜ್ಞರಿಂದ ದೂರದಲ್ಲಿ, ತನ್ನಷ್ಟಕ್ಕೆ ನಡೆಯಬೇಕಾದ ಯಂತ್ರವದು. ಇಂದಿನ ರೂಟರಿನ ಪಾಡೂ ಅದೇ. ಕೆಟ್ಟರೆ ಎಬ್ಬಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಎರಡನೆಯ ಪಾಠವೂ ಅದೇ ಬೆಲ್ ಸಂಸ್ಥೆಯಲ್ಲಿ ಹುಟ್ಟಿತು. 1969ರಲ್ಲಿ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಎಂಬವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದರು. ಲಿನಕ್ಸ್ ಅದರ ಪಡಿಯಚ್ಚಿನಲ್ಲಿ ಬೆಳೆದುದು. ಅವರು ಕಡತದ ಹೆಸರನ್ನೂ ಕಡತವನ್ನೂ ಬೇರ್ಪಡಿಸಿದರು. ಶಾಲೆಯಲ್ಲಿ ದುಡಿದವರಿಗೆ ಇದು ಸುಲಭವಾಗಿ ತಿಳಿದೀತು. ಹಾಜರಿ ಪುಸ್ತಕದಲ್ಲಿರುವುದು ಮಗುವಿನ ಹೆಸರು. ದಾಖಲಾತಿ ಪುಸ್ತಕದಲ್ಲಿರುವುದು ಅದರ ಸಂಖ್ಯೆ. ಹಾಜರಿ ಪುಸ್ತಕದಿಂದ ಹೆಸರು ತೆಗೆದ ಮಾತ್ರಕ್ಕೆ ತರಗತಿಯಲ್ಲಿ ಕುಳಿತಿರುವ ಮಗು ಮಾಯವಾಗುವುದಿಲ್ಲ. ಹಾಗೆಯೇ ಯುನಿಕ್ಸಿನಲ್ಲಿ ಪ್ರತಿಯೊಂದು ಕಡತಕ್ಕೂ ಒಂದು ಸಂಖ್ಯೆಯಿದೆ. ಹೆಸರು ಆ ಸಂಖ್ಯೆಯತ್ತ ತೋರುವ ಬೆರಳು ಮಾತ್ರ. ಹೆಸರನ್ನು ಅಳಿಸಿದರೂ, ಆ ಕಡತವನ್ನು ಬಳಸುತ್ತಿರುವ ಕೊನೆಯ ಪ್ರೋಗ್ರಾಮು ಅದನ್ನು ಬಿಟ್ಟುಕೊಡುವವರೆಗೆ ಅದರ ಒಡಲು ಉಳಿದಿರುತ್ತದೆ.

ನಡೆಯುತ್ತಿರುವ ಪ್ರೋಗ್ರಾಮನ್ನು ಬದಲಿಸುವ ಇಡೀ ವಿದ್ಯೆ ಈ ಒಂದು ಗುಣದ ಮೇಲೆ ನಿಂತಿದೆ. ಚಾಲನೆಯಲ್ಲಿರುವ ಪ್ರೋಗ್ರಾಮಿನ ಕಡತದ ಮೇಲೆಯೇ ಹೊಸದನ್ನು ಬರೆಯಹೋದರೆ ಲಿನಕ್ಸ್ ಒಪ್ಪುವುದಿಲ್ಲ. ‘ಕಡತ ಕಾರ್ಯನಿರತವಾಗಿದೆ’ ಎಂಬ ಅರ್ಥದ ಸಂದೇಶ ಕೊಟ್ಟು ತಡೆಯುತ್ತದೆ. ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಗ್ರಂಥಾಲಯ ಕಡತಗಳಿಗಾದರೋ ಈ ರಕ್ಷಣೆಯೂ ಇಲ್ಲ. ಅವುಗಳ ಮೇಲೆ ಬರೆದರೆ, ಓದುತ್ತಿರುವವನ ಕೈಯಲ್ಲಿದ್ದ ಪುಸ್ತಕದ ಪುಟಗಳನ್ನೇ ಹರಿದು ಬೇರೆ ಪುಟ ಅಂಟಿಸಿದಂತಾಗಿ, ನಡೆಯುತ್ತಿದ್ದುದು ಕುಸಿದು ಬೀಳುತ್ತದೆ.

ಸರಿಯಾದ ಕ್ರಮ ಹೀಗೆ. ಹೊಸ ಪ್ರೋಗ್ರಾಮನ್ನು ಬೇರೊಂದು ತಾತ್ಕಾಲಿಕ ಹೆಸರಿನಲ್ಲಿ, ಆದರೆ ಸಂಗ್ರಹದ ಅದೇ ವಿಭಾಗದಲ್ಲಿ, ಪೂರ್ತಿಯಾಗಿ ಬರೆಯಬೇಕು. ಬಂದುದು ಸರಿಯಾಗಿಯೇ ಬಂದಿದೆಯೇ, ಕಳುಹಿಸಬೇಕಾದವರೇ ಕಳುಹಿಸಿದ್ದೇ ಎಂದು ಅದರ ಲೆಕ್ಕದ ಮುದ್ರೆಯನ್ನು ತಾಳೆ ನೋಡಬೇಕು. ಚಾಲನೆಗೆ ಅನುಮತಿ ಕೊಡಬೇಕು. ಬರೆದುದೆಲ್ಲ ಕ್ಷಣಿಕ ಸ್ಮೃತಿಯಿಂದ ಶಾಶ್ವತ ಸಂಗ್ರಹಕ್ಕೆ ನಿಜವಾಗಿಯೂ ಇಳಿಯುವವರೆಗೆ ಕಾಯಬೇಕು. ಆ ಮೇಲೆ ಒಂದೇ ಒಂದು ಹೆಜ್ಜೆ: ಹೊಸದಕ್ಕೆ ಹಳೆಯದರ ಹೆಸರಿಡುವುದು. ಹಿಂದೆ ಇದನ್ನು ಎರಡು ಮೂರು ಹೆಜ್ಜೆಗಳಲ್ಲಿ ಮಾಡಬೇಕಾಗುತ್ತಿತ್ತು. ಹಳೆಯ ಹೆಸರನ್ನು ತೆಗೆದು ಹೊಸ ಹೆಸರು ಬರೆಯುವ ನಡುವಿನ ಬಿರುಕಿನಲ್ಲಿ ಯಂತ್ರ ನಿಂತರೆ ಎರಡೂ ಇಲ್ಲವಾಗುತ್ತಿತ್ತು. 1983ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದವರು ಹೊರತಂದ ಯುನಿಕ್ಸ್ ಆವೃತ್ತಿಯಲ್ಲಿ ಹೆಸರು ಬದಲಾವಣೆ ಒಂದೇ ಅವಿಭಾಜ್ಯ ಆಜ್ಞೆಯಾಯಿತು. ಆ ಹೆಸರಿನಲ್ಲಿ ಹುಡುಕುವವರಿಗೆ ಹಳೆಯದು ಪೂರ್ತಿಯಾಗಿ ಸಿಗುತ್ತದೆ, ಇಲ್ಲವೇ ಹೊಸದು ಪೂರ್ತಿಯಾಗಿ ಸಿಗುತ್ತದೆ. ಜಾಗಟೆ ಇವರ ಕೈಯಲ್ಲಿ ಅಥವಾ ಅವರ ಕೈಯಲ್ಲಿ.

ಹೆಸರು ಬದಲಾದರೂ ನಡೆಯುತ್ತಿರುವ ಪ್ರೋಗ್ರಾಮು ತನ್ನ ಹಳೆಯ ಒಡಲಿನಿಂದಲೇ ನಡೆಯುತ್ತಿರುತ್ತದೆ. ಅದಕ್ಕೆ ಸೂಚನೆ ಕೊಟ್ಟು, ಕೈಯಲ್ಲಿರುವ ಕೆಲಸ ಮುಗಿಸಿ ನಿಲ್ಲುವಂತೆ ಮಾಡಿ, ಹೊಸದನ್ನು ಎಬ್ಬಿಸಬೇಕು. ಇನ್ನೂ ಜಾಣ್ಮೆಯ ದಾರಿಯೊಂದಿದೆ. ಪ್ರೋಗ್ರಾಮು ತಾನಾಗಿಯೇ ಹೊಸ ಕಡತವನ್ನು ತನ್ನೊಳಕ್ಕೆ ಕರೆದುಕೊಳ್ಳಬಹುದು. ಆಗ ಅದರ ಕ್ರಮಸಂಖ್ಯೆಯೂ ತೆರೆದಿಟ್ಟಿದ್ದ ಸಂಪರ್ಕಗಳೂ ಹಾಗೆಯೇ ಉಳಿದು, ಒಳಗಿನ ವಿಧಿ ಮಾತ್ರ ಬದಲಾಗುತ್ತದೆ. ಹಿಮ್ಮೇಳ ಅದೇ, ಶ್ರುತಿ ಅದೇ, ಹಾಡುವವರು ಬೇರೆ.

ಇಷ್ಟೆಲ್ಲ ತಿಳಿದಿದ್ದರೂ ಬಲ್ಲವರೇ ಎಡವಿದ್ದುಂಟು. 2009ರ ಆರಂಭದಲ್ಲಿ ಲಿನಕ್ಸಿನ ಎಕ್ಸ್ಟ್4 ಎಂಬ ಹೊಸ ಸಂಗ್ರಹ ಪದ್ಧತಿಯನ್ನು ಬಳಸತೊಡಗಿದ ಕೆಲವರು, ಯಂತ್ರ ತಟಕ್ಕನೆ ನಿಂತು ಮರಳಿ ಎದ್ದಾಗ ತಮ್ಮ ಕಡತಗಳು ಬರಿದಾಗಿರುವುದನ್ನು ಕಂಡು ದೂರಿದರು. ಹೆಸರಿತ್ತು, ಒಡಲಿರಲಿಲ್ಲ. ಪ್ರೋಗ್ರಾಮುಗಳು ಹೊಸ ಕಡತ ಬರೆದು ಒಡನೆ ಹೆಸರು ಬದಲಿಸುತ್ತಿದ್ದುವು. ಬರೆದುದು ಇನ್ನೂ ಕ್ಷಣಿಕ ಸ್ಮೃತಿಯಲ್ಲೇ ಇರುವಾಗ ಹೆಸರಿನ ಬದಲಾವಣೆ ಮಾತ್ರ ಸಂಗ್ರಹಕ್ಕೆ ಇಳಿದಿತ್ತು. ಆ ಪದ್ಧತಿಯ ಮುಖ್ಯ ನಿರ್ವಾಹಕರಾದ ಥಿಯೊಡೋರ್ ತ್ಸೊ ಅವರು, ಸಂಗ್ರಹಕ್ಕೆ ಇಳಿಯಿತೇ ಎಂದು ಖಚಿತಪಡಿಸಿಕೊಳ್ಳುವುದು ಪ್ರೋಗ್ರಾಮು ಬರೆಯುವವರ ಹೊಣೆಯೆಂದು ವಿವರಿಸಿದರು. ಆದರೂ ಜನರ ರೂಢಿಯನ್ನು ಮನ್ನಿಸಿ ಲಿನಕ್ಸಿನಲ್ಲಿಯೇ ತಿದ್ದುಪಡಿಯನ್ನೂ ಮಾಡಿದರು. ಉತ್ತರ ಪತ್ರಿಕೆ ಕೈಗೆ ಬರುವ ಮುನ್ನವೇ ಅಂಕಪಟ್ಟಿಯಲ್ಲಿ ‘ಉತ್ತೀರ್ಣ’ ಎಂದು ಬರೆದಂತಹ ತಪ್ಪು ಇದು.

ಒಂದು ಪ್ರೋಗ್ರಾಮಿಗೆ ಈ ಕ್ರಮ ಸಾಕು. ಇಡೀ ವ್ಯವಸ್ಥೆಯನ್ನೇ ಬದಲಿಸಬೇಕಾದಾಗ ಏನು ಮಾಡುವುದು? ಇದಕ್ಕೆ ಉತ್ತರವನ್ನು ನಾವು ನಮ್ಮ ಶಾಲೆಯಲ್ಲೇ ಕಂಡಿದ್ದೆವು. ಅರ್ಥವಾದುದು ಮಾತ್ರ ಈಗ. ಕೇರಳದ ಶಾಲೆಗಳಲ್ಲಿ 2001ರ ಹೊತ್ತಿಗೆ ‘ಐಟಿ ಅಟ್ ಸ್ಕೂಲ್’ ಯೋಜನೆ ಬಂತು. ಆ ದಶಕದ ಮಧ್ಯದಲ್ಲಿ ಶಾಲಾ ಗಣಕಗಳು ವಿಂಡೋಸ್ ಬಿಟ್ಟು ಲಿನಕ್ಸಿಗೆ ಹೊರಳಿದುವು. ನಮ್ಮ ಸೇವಾವಧಿಯ ಕೊನೆಯ ವರ್ಷಗಳವು. ಗಣಕದ ಕೋಣೆಗೆ ಚಪ್ಪಲಿ ಕಳಚಿಟ್ಟು ಹೋಗುತ್ತಿದ್ದ ನಮಗೆ ಈ ಬದಲಾವಣೆಯಿಂದ ಅಳುಕುಂಟಾಗಿತ್ತು. ತರಬೇತಿ ಪಡೆದು ಬಂದ ಕಿರಿಯ ಅಧ್ಯಾಪಕರು ಹಳೆಯದನ್ನು ಅಳಿಸಲಿಲ್ಲ. ಅದೇ ಗಣಕದಲ್ಲಿ ಇನ್ನೊಂದು ಭಾಗ ಮಾಡಿ ಹೊಸದನ್ನು ಕೂರಿಸಿದರು. ಗಣಕ ಏಳುವಾಗ ಯಾವುದು ಬೇಕೆಂದು ಕೇಳುತ್ತಿತ್ತು. ಒಂದು ವರ್ಷ ಎರಡೂ ಇದ್ದುವು. ಮಕ್ಕಳು ಹೊಸದರಲ್ಲಿ ನುರಿತ ಬಳಿಕ ಹಳೆಯದು ತಾನಾಗಿಯೇ ಮೂಲೆಗೆ ಸರಿಯಿತು.

ಎಂಬೆಡೆಡ್ ಯಂತ್ರಗಳಲ್ಲಿ ಇಂದು ಇದೇ ರಾಜಮಾರ್ಗ. ಸಂಗ್ರಹದಲ್ಲಿ ಎರಡು ಕೋಣೆಗಳು. ಯಂತ್ರವು ಮೊದಲ ಕೋಣೆಯಿಂದ ನಡೆಯುತ್ತಿರುವಾಗ ಹೊಸ ವ್ಯವಸ್ಥೆ ಎರಡನೆಯದರಲ್ಲಿ ಬರೆಯಲ್ಪಡುತ್ತದೆ. ಬರೆಯುವಾಗ ಕರೆಂಟು ಹೋದರೂ ಮೊದಲನೆಯದಕ್ಕೆ ಭಂಗವಿಲ್ಲ. ಪೂರ್ತಿಯಾದ ಮೇಲೆ ‘ಇನ್ನು ಮುಂದೆ ಎರಡನೆಯದರಿಂದ ಏಳು’ ಎಂಬ ಪುಟ್ಟ ಗುರುತೊಂದನ್ನು ಇಟ್ಟು ಯಂತ್ರವನ್ನು ಮರಳಿ ಎಬ್ಬಿಸುತ್ತಾರೆ. ಹೊಸದು ಒಂದೆರಡು ಸಲ ಏಳಲಾರದೆ ಹೋದರೆ, ಎಬ್ಬಿಸುವ ತಂತ್ರಾಂಶವು ಎಣಿಕೆ ಇಟ್ಟುಕೊಂಡಿದ್ದು, ತಾನಾಗಿಯೇ ಹಳೆಯ ಕೋಣೆಗೆ ಮರಳುತ್ತದೆ. 2016ರ ಆಂಡ್ರಾಯ್ಡ್ 7ರಿಂದ ಫೋನುಗಳಲ್ಲಿಯೂ ಈ ಜೋಡಿ ಕೋಣೆಯ ಪದ್ಧತಿ ಬಂತು. ಇದಕ್ಕೆ ಜತೆಯಾಗಿ ವಾಚ್‌ಡಾಗ್ ಎಂಬ ಕಾವಲು ಗಡಿಯಾರವಿರುತ್ತದೆ. ಪ್ರೋಗ್ರಾಮು ಆಗಾಗ ‘ನಾನು ಎಚ್ಚರವಾಗಿದ್ದೇನೆ’ ಎಂದು ಅದಕ್ಕೆ ಹೇಳುತ್ತಿರಬೇಕು. ಹೇಳದೆ ಹೋದರೆ ಅದು ಯಂತ್ರವನ್ನು ತಡೆದು ಮರಳಿ ಎಬ್ಬಿಸುತ್ತದೆ.

ಈ ಕಾವಲು ಗಡಿಯಾರದ ದೊಡ್ಡ ಪರೀಕ್ಷೆ ನಡೆದುದು ಭೂಮಿಯ ಮೇಲಲ್ಲ. ಮಂಗಳ ಗ್ರಹಕ್ಕೆ ನಾಸಾ ಕಳುಹಿಸಿದ ‘ಇಂಜೆನ್ಯುಟಿ’ ಎಂಬ ಪುಟ್ಟ ಹೆಲಿಕಾಪ್ಟರನ್ನು ನಡೆಸುತ್ತಿದ್ದುದು ಲಿನಕ್ಸ್. ಮದರಾಸಿನ ಐಐಟಿಯಲ್ಲಿ ಕಲಿತ ಬಾಬ್ ಬಲರಾಮ್ ಅದರ ಮುಖ್ಯ ಎಂಜಿನಿಯರ್. 2021ರ ಏಪ್ರಿಲ್ 9ರಂದು ರೆಕ್ಕೆಗಳನ್ನು ವೇಗವಾಗಿ ತಿರುಗಿಸುವ ಪರೀಕ್ಷೆ ನಡೆಯುತ್ತಿದ್ದಾಗ ಕಾವಲು ಗಡಿಯಾರವು ತಡೆ ಹಾಕಿತು. ಎದುರಿಗೆ ಎರಡು ದಾರಿಗಳಿದ್ದುವು. ಹಾರಾಟದ ತಂತ್ರಾಂಶವನ್ನೇ ಬದಲಿಸಬಹುದು. ಇಲ್ಲವೇ ಭೂಮಿಯಿಂದ ಕಳುಹಿಸುವ ಆಜ್ಞೆಗಳ ಸರಣಿಗೆ ಕೆಲವನ್ನು ಸೇರಿಸಿ, ಇದ್ದ ತಂತ್ರಾಂಶವನ್ನೇ ಉಳಿಸಿಕೊಳ್ಳಬಹುದು. ಎರಡನೆಯ ದಾರಿಯಲ್ಲಿ ಪ್ರತಿ ಯತ್ನಕ್ಕೆ ಶೇಕಡಾ 85ರಷ್ಟು ಯಶಸ್ಸಿನ ಸಾಧ್ಯತೆಯಿತ್ತು. ಹೊಸ ತಂತ್ರಾಂಶ ಸಿದ್ಧವಾಗಿಯೇ ಇದ್ದಿತಾದರೂ ತಂಡದವರು ಬಹುಕಾಲ ಪರೀಕ್ಷೆಗೊಳಗಾಗಿದ್ದ ಹಳೆಯದನ್ನೇ ನೆಚ್ಚಿದರು. ಏಪ್ರಿಲ್ 19ರಂದು ಅದು ಮೂರು ಮೀಟರ್ ಎತ್ತರಕ್ಕೆ ಏರಿ, 39 ಸೆಕೆಂಡು ಹಾರಿ, ಕ್ಷೇಮವಾಗಿ ಇಳಿಯಿತು. ಐದು ಹಾರಾಟಗಳಿಗೆಂದು ಹೋದುದು 2024ರ ಜನವರಿಯವರೆಗೆ 72 ಸಲ ಹಾರಿತು. ‘ಶುಭಸ್ಯ ಶೀಘ್ರಂ’ ಎಂದು ಅಲ್ಲಿ ಯಾರೂ ಹೇಳಲಿಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಉತ್ತರ. ನಮ್ಮ ರೂಟರಿನಲ್ಲಿ ಒಂದೇ ಕೋಣೆಯಿತ್ತು. ಬೆಲೆ ತಗ್ಗಿಸಲು ಸಂಗ್ರಹವನ್ನು ಚಿಕ್ಕದಾಗಿಸಿದ ಯಂತ್ರಗಳಲ್ಲಿ ಎರಡಕ್ಕೆ ಎಡೆಯಿರುವುದಿಲ್ಲ. ಅವುಗಳ ಫ್ಲಾಷ್ ಸಂಗ್ರಹಕ್ಕೆ ಇನ್ನೊಂದು ಸ್ವಭಾವವೂ ಇದೆ. ಸ್ಲೇಟಿನಂತೆ, ಮೊದಲು ಒಂದಿಡೀ ಭಾಗವನ್ನು ಒರೆಸಿದ ಮೇಲಷ್ಟೇ ಅಲ್ಲಿ ಹೊಸದನ್ನು ಬರೆಯಬಹುದು. ಅಂದು ಸಂಜೆ ಹಳೆಯದು ಒರೆಸಲ್ಪಟ್ಟಿತ್ತು, ಹೊಸದು ಅರ್ಧವೇ ಬರೆಯಲ್ಪಟ್ಟಿತ್ತು. ಆ ನಡುವಿನ ಹೊತ್ತಿನಲ್ಲಿ ಕರೆಂಟು ಹೋಯಿತು. ಹಳಬರು ಎದ್ದು ಹೋಗಿದ್ದರು, ಹೊಸಬರು ಇನ್ನೂ ಚೌಕಿಯಲ್ಲಿದ್ದರು, ಜಾಗಟೆ ನೆಲದ ಮೇಲಿತ್ತು. ಪೆಟ್ಟಿಗೆ ಮಾಡಿದವರನ್ನು ದೂರಿ ಫಲವಿಲ್ಲ. ಮಳೆ ಬಿಡಲಿ ಎಂದ ಹುಡುಗನ ಮಾತಿಗೆ ನಾವು ಕಿವಿಗೊಟ್ಟಿದ್ದರೆ ಸಾಕಿತ್ತು.

1956ರ ನವೆಂಬರ್ 1ರಂದು ನಾವು ಒಂದನೆಯ ತರಗತಿಯಲ್ಲಿದ್ದೆವು. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಆ ದಿನದಿಂದ ಕೇರಳದ್ದಾಯಿತು. ಹಿರಿಯರ ಮುಖ ಬಾಡಿದ್ದುದು ನೆನಪಿದೆ. ಆದರೆ ನಮ್ಮ ಪಾಠ ನಿಲ್ಲಲಿಲ್ಲ. ಮಾಸ್ಟ್ರು ಅದೇ ಹಲಗೆಯ ಮೇಲೆ ಅದೇ ಕನ್ನಡದಲ್ಲಿ ಬರೆದರು. ಮೇಲೆ ಏನೇ ಬದಲಾದರೂ ಮಕ್ಕಳ ಮುಂದಿನ ಪಾಠ ಕಡಿಯಬಾರದೆಂಬ ಎಚ್ಚರ ಆ ಅಧ್ಯಾಪಕರಲ್ಲಿತ್ತು. ಅವರ ಶಿಷ್ಯರಾದ ನಮ್ಮ ಕೈಯಿಂದಲೇ ಹನ್ನೆರಡು ದಿನ ಪಾಠ ಕಡಿಯಿತಲ್ಲ ಎಂಬ ಕೊರಗು ನಮಗೆ ಇಂದಿಗೂ ಇದೆ.

ಈಗ ನಮ್ಮ ಚಾವಡಿಯಲ್ಲಿರುವ ರೂಟರಿಗೆ ಬ್ಯಾಟರಿಯ ಆಸರೆಯಿದೆ. ಕೊಳ್ಳುವ ಮೊದಲು ಎರಡು ಕೋಣೆಯುಂಟೇ ಎಂದು ಸೋದರಳಿಯನಲ್ಲಿ ವಿಚಾರಿಸಿಯೇ ಕೊಂಡೆವು. ಹಳೆಯ ವಿನ್ಯಾಸದ ಪ್ರತಿಯೊಂದನ್ನು ಬೇರೆಡೆ ಉಳಿಸಿದ ಮೇಲೆ, ಮಳೆಯಿಲ್ಲದ ದಿನ, ಪರೀಕ್ಷೆ ಮುಗಿದ ಮೇಲೆ ನವೀಕರಣ. ಗುಡ್ಡ ಹತ್ತಿ ಪಾಠ ಕೇಳಿದ ಹುಡುಗಿ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದು ಉತ್ತೀರ್ಣಳಾದಳು. ಈಚೆಗೆ ಮನೆಗೆ ಬಂದಿದ್ದಾಗ ಈ ಉತ್ತರವನ್ನೆಲ್ಲ ಅವಳಿಗೆ ವಿವರಿಸಿದೆವು. ಪೂರ್ತಿ ಕೇಳಿ, “ಅದಕ್ಕೆ ನಾಲ್ಕು ವರ್ಷ ಹಿಡಿಯಿತೇ ಮಾಸ್ಟ್ರಜ್ಜ?” ಎಂದು ನಕ್ಕಳು. ಹಿಡಿಯಿತು. ತಡವಾಗಿಯಾದರೂ ಉತ್ತರ ಪೂರ್ತಿಯಾಗಿರಬೇಕೆಂದು ನಾವೇ ಮಕ್ಕಳಿಗೆ ಹೇಳುತ್ತಿದ್ದುದು.